ಶಭಾಷ್ ಯಾರಿಗೆ?

ಒಂದನೇ ಕ್ಲಾಸಿನ ಟೀಚರಿಗೆ ಬೆಳಗಿನಿಂದ ತಲೆ ಚಿಟ್ಟು ಹಿಡಿದಿತ್ತು. ಓದು ಕಲಿಸುವ ಆ್ಯಪುಗಳನ್ನು ಟ್ಯಾಬಿನಲ್ಲಿ ಹಾಕಿ, ಮಕ್ಕಳ ಕೈಗೆ ಕೊಟ್ಟು ನೋಡಿ, ಶಾಲೆಗೆ ಯಾವುದು ಬೇಕೆಂದು ಮಧ್ಯಾಹ್ನದೊಳಗೆ ಹೇಳಬೇಕಿತ್ತು. ಒಂದರಲ್ಲಿ ಬರೀ ಬಣ್ಣ, ಕುಣಿತ. ಇನ್ನೊಂದು ನಡುನಡುವೆ ಕೈಕೊಡುತ್ತಿತ್ತು. ಉಳಿದದ್ದು ಕಿವಿಗೊಟ್ಟು ಕೇಳುವ ಆ್ಯಪು. ಮಗು ಪದವನ್ನು ಸರಿಯಾಗಿ ಓದಿದರೆ ಅದು 'ಶಭಾಷ್' ಎಂದು ನಕ್ಷತ್ರ ಕೊಡುತ್ತಿತ್ತು, ಇಲ್ಲದಿದ್ದರೆ 'ಇನ್ನೊಮ್ಮೆ ಹೇಳು' ಎನ್ನುತ್ತಿತ್ತು. ಸರಿಯಾಗುವ ತನಕ ಮುಂದಕ್ಕೆ ಬಿಡುತ್ತಿರಲಿಲ್ಲ.

ಹೆಡ್ ಮೇಷ್ಟರಿಗೆ ಇದರ ಮೇಲೇ ಕಣ್ಣು. ಟೀಚರ ಜೀವವೆಲ್ಲ ಗುಬ್ಬಿಯ ಮೇಲೆ.

ಗುಬ್ಬಿ ಮುಂದಿನ ಬೆಂಚಿನ ಹುಡುಗಿ. ಅಮ್ಮ ತೀರಿಕೊಂಡ ಮೇಲೆ ಶಾಲೆಯಲ್ಲಿ ತುಟಿ ಪಿಟಕ್ಕೆಂದವಳಲ್ಲ. ಟೀಚರು ದಿನವೂ ಪಕ್ಕದಲ್ಲಿ ಕೂತು, ಮುದ್ದುಮಾಡಿ, ಗೋಗರೆದು, ಅಂತೂ ಈ ವಾರ ಅವಳು ಟೀಚರ ಕಿವಿಯಲ್ಲಿ ಪಿಸುಪಿಸು ಓದತೊಡಗಿದ್ದಳು. ಆ ದನಿ ಮತ್ತೆ ಆರಿಹೋದರೆ ಹೊತ್ತಿಸಲು ತನ್ನ ಕೈಲಾಗದು ಎಂಬ ಭಯ ಟೀಚರನ್ನು ಒಳಗೊಳಗೇ ತಿನ್ನುತ್ತಿತ್ತು. ಆದರೂ ಟ್ಯಾಬನ್ನು ಅವಳ ಮುಂದಿಟ್ಟರು. ಅವಳಿಗೆ ಆಗಿಬಾರದ ಆ್ಯಪು ಶಾಲೆಗೆ ಯಾವ ಸುಖಕ್ಕೆ?

ಪರದೆಯ ಮೇಲೆ 'ಸರ' ಎಂದು ಮೂಡಿತು.

"ಥರ," ಎಂದಳು ಗುಬ್ಬಿ.

"ಇನ್ನೊಮ್ಮೆ ಹೇಳು."

"ಥರ."

"ಇನ್ನೊಮ್ಮೆ ಹೇಳು."

ಅವಳ ಮುಂದಿನ ಹಾಲುಹಲ್ಲು ಎರಡೂ ಮೊನ್ನೆಯಷ್ಟೇ ಬಿದ್ದಿದ್ದವು. ಆ್ಯಪು ಮಾಡಿದ ಪುಣ್ಯಾತ್ಮರು ಒಂದನೇ ಕ್ಲಾಸಿನ ಮಕ್ಕಳ ಬಾಯೊಳಗೆ ಒಮ್ಮೆಯಾದರೂ ಇಣುಕಿದ್ದರೆ ತಿಳಿಯುತ್ತಿತ್ತು. ಪ್ರತಿಸಲವೂ ಗುಬ್ಬಿಯ ದನಿ ಇಳಿಯಿತು. ಟೀಚರು ಹಿಂದಕ್ಕೆ ಹೋಗುವ ಗುರುತನ್ನು ಒತ್ತಿದರು, ಇನ್ನೂ ಜೋರಾಗಿ ಒತ್ತಿದರು. ಅದು ಜಪ್ಪಯ್ಯ ಅನ್ನಲಿಲ್ಲ. ಏನೂ ತೋಚದೆ ಗುಬ್ಬಿಯ ಹಿಂದಿನಿಂದ ಬಗ್ಗಿ ತಾವೇ ಮೆಲ್ಲಗೆ "ಸರ" ಎಂದರು.

"ಶಭಾಷ್!"

ನಕ್ಷತ್ರ ಬಂತು. 'ಸೂಜಿ' ಬಂತು. ಅದನ್ನೂ ಟೀಚರೇ ಹೇಳಿದರು. ಪಾಠ ಮುಗಿಯುವವರೆಗೂ ಹೇಳಿದರು. ಗುಬ್ಬಿ ಅಳಲಿಲ್ಲ. ಹಿಂದಿರುಗಿ ಟೀಚರ ಬಾಯನ್ನೇ ನೋಡಿದಳು.

ಅಷ್ಟರಲ್ಲಿ ಹೆಡ್ ಮೇಷ್ಟರು ಬಂದು ನಕ್ಷತ್ರಗಳನ್ನು ನೋಡಿ ಅರಳಿದರು. "ನೋಡಿದ್ರಾ ಟೀಚರೇ, ಮಾತೇ ಆಡದ ಮಗೂನ ಬಾಯಿ ಬಿಡಿಸ್ತು. ಇದನ್ನೇ ಹಾಕ್ಸೋಣ."

"ಅದು ನನ್ನ ದನಿ ಸಾರ್. ಅವಳಿಗೆ ಹಲ್ಲಿಲ್ಲ, ಅವಳು ಹೇಳಿದ್ದು ಇದಕ್ಕೆ ತಿಳಿಯಲ್ಲ. ಕೈ ಮುಗೀತೀನಿ, ಬೇಡ."

"ಅಯ್ಯೋ, ಹಲ್ಲು ಬರುತ್ತೆ ಬಿಡಿ."

"ಹಲ್ಲು ಬರುತ್ತೆ ಸಾರ್," ಎಂದು ಟೀಚರು ಟ್ಯಾಬನ್ನು ಗುಬ್ಬಿಯ ಮುಂದಿನಿಂದ ಸರಿಸಿದರು. "ದನಿ ಹೋದ್ರೆ ಬರಲ್ಲ."

ಮೇಷ್ಟರು ಅವರ ಮುಖ ನೋಡಿದರು. "ಆಯ್ತಮ್ಮ, ಬೇಡ ಅಂದ್ರೆ ಬೇಡ," ಎಂದು ಗೊಣಗುತ್ತ ಟ್ಯಾಬನ್ನು ಎತ್ತಿಕೊಂಡು ಹೋದರು.

ಗೆದ್ದೆನೆಂದು ಟೀಚರಿಗೆ ಒಂದು ಗಳಿಗೆ ಅನ್ನಿಸಿತು. ಮೂಲೆ ಮಡಚಿದ ಹಳೆಯ ಪುಸ್ತಕ ತೆರೆದು, ಗುಬ್ಬಿಯ ಪಕ್ಕದಲ್ಲಿ ಕೂತು, ಎಂದಿನಂತೆ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದರು.

"ಓದು ಪುಟ್ಟಾ. ಹೇಗೆ ಬಂದ್ರೂ ಸರಿ."

ಗುಬ್ಬಿ ಪುಟದಲ್ಲಿದ್ದ 'ಸರ'ದ ಕೆಳಗೆ ಬೆರಳಿಟ್ಟಳು. ಆಮೇಲೆ ಅದೇ ಬೆರಳನ್ನು ಎತ್ತಿ ಟೀಚರ ತುಟಿಯ ಮೇಲಿಟ್ಟು, ಅವರು ಹೇಳಲೆಂದು ಕಾಯುತ್ತ ಕೂತಳು.