ಮೂರು ನೀರಿನ ಬಿಯರ್

ನನ್ನ ಹೆಂಡತಿ ನರೆಲ್ ಬಿಯರ್ ಕುಡಿಯುವವಳಲ್ಲ. ಕ್ರಿಸ್‌ಮಸ್ ದಿನ ಒಂದು ಪುಟ್ಟ ಲೋಟ ಶೆರ್ರಿ, ಅದೂ ನನ್ನ ತಂಗಿಯ ಬಲವಂತಕ್ಕೆ. ಕುಡಿಯುವವನು ನಾನು. ಮೀಸೆ ಮೂಡುವಾಗ ಹಿಡಿದ ಗ್ಲಾಸನ್ನು ಮೀಸೆ ಬೆಳ್ಳಗಾದರೂ ಕೆಳಗಿಟ್ಟಿಲ್ಲ. ಆದರೆ ಅದು ಹೇಗೆ ಆಗುತ್ತದೆ ಎಂದು ನಾನು ಯಾರನ್ನೂ ಕೇಳಿದವನಲ್ಲ. ಕೇಳಿದವಳು ಅವಳು, ಅದೂ ಕೋಳಿಗಳ ದೆಸೆಯಿಂದ.

ನಮ್ಮ ಲಾಕ್ಲಿ ಫೋರ್ಡ್ ಟಾಸ್ಮೇನಿಯಾದ ಒಂದು ಹೊಳೆಯ ತಿರುವಿನಲ್ಲಿರುವ ಊರು. ಹೊಳೆಯಾಚೆ ಪಿಪ್ ಎಂಬ ಹೆಂಗಸು ಹಳೆಯ ಸೇಬಿನ ಶೆಡ್ಡಿನಲ್ಲಿ ಬಿಯರ್ ಮಾಡಿ ಮಾರುತ್ತಾಳೆ. ಬಾರ್ಲಿಯಿಂದ ರಸ ಇಳಿಸಿಕೊಂಡ ಮೇಲೆ ಉಳಿಯುವ ಗಸಿಯನ್ನು ಕೋಳಿ ಸಾಕಿದವರಿಗೆ ಪುಕ್ಕಟೆ ಕೊಡುತ್ತಾಳೆ. ನಮ್ಮ ಕೋಳಿಗಳಿಗೆಂದು ಅದನ್ನು ತರಲು ಹೋದ ನರೆಲ್, ಅಲ್ಲಿ ಮೂಟೆಯಿಂದ ಚೆಲ್ಲಿದ್ದ ಒಣ ಕಾಳನ್ನು ಬಾಯಿಗೆ ಹಾಕಿಕೊಂಡಳು. ಕರುಂ ಎಂದು ಮುರಿದು ಸಿಹಿಯಾಯಿತು. ಆಮೇಲೆ ಬಕೆಟ್ಟಿನಲ್ಲಿದ್ದ ಗಸಿಯನ್ನು ನಾಲಿಗೆಗೆ ಇಟ್ಟು ನೋಡಿದಳು. ಬರೀ ಹೊಟ್ಟು.

"ಪಿಪ್, ಇದರ ಸಿಹಿ ಎಲ್ಲಿ ಹೋಯ್ತು?"

"ನಿನ್ನ ಗಂಡನ ಹೊಟ್ಟೆಗೆ ಹೋಯ್ತು," ಎಂದಳು ಪಿಪ್. "ಮೊಳಕೆ ಬರಿಸಿ ಒಣಗಿಸಿದ ಕಾಳು ಕಣೇ ಅದು. ಬಿಸಿನೀರಲ್ಲಿ ನೆನೆಸಿಟ್ರೆ ಒಳಗಿನ ಹಿಟ್ಟೆಲ್ಲ ಸಕ್ಕರೆ ಆಗುತ್ತೆ."

"ತಾನಾಗೇ ಆಗುತ್ತಾ? ಬರೀ ನೀರು ಹಾಕಿದ್ರೆ?"

"ಬರೀ ನೀರು ಹಾಕಿದ್ರೆ. ನೋಡ್ಬೇಕಾದ್ರೆ ಒಂದು ಮೂಟೆ ತಗೊಂಡು ಹೋಗು."

ನರೆಲ್ ಊರಿನ ಮುಖ್ಯ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು. ಯಾವ ಕೋಟು ಕಂಡರೂ ಮೊದಲು ಒಳಗಿನ ಅಸ್ತರು ತಿರುವಿ ನೋಡುವುದು ಅವಳ ಸ್ವಭಾವ. ಹೊರಗೆ ಚೆಂದ ಇದ್ದರೆ ಸಾಲದು, ಎಲ್ಲಿ ಮಡಿಸಿದ್ದಾರೆ, ಎಲ್ಲಿ ತೇಪೆ ಹಾಕಿದ್ದಾರೆ ಎಂದು ಗೊತ್ತಾಗಬೇಕು. ಆ ಸಂಜೆ ನಾನು ಮನೆಗೆ ಬಂದರೆ ಮುಂದಿನ ಕೋಣೆಯ ಕಿಟಕಿ ಬೋಳಾಗಿತ್ತು. ಪರದೆಯ ತೆಳು ಬಟ್ಟೆ ಹೊಲಿಗೆ ಯಂತ್ರದ ಕೆಳಗೆ ಚೀಲವಾಗುತ್ತಿತ್ತು.

"ಬೀದಿಯವರೆಲ್ಲ ನಮ್ಮನ್ನ ನೋಡ್ತಾರಲ್ಲೇ," ಎಂದೆ.

"ನಿನ್ನನ್ನ ನೋಡೋಕೆ ಯಾರು ಬರ್ತಾರೆ ಮಾರಾಯ? ಆ ಕಡೆ ತುದಿ ಹಿಡ್ಕೋ."

ಮಾರನೆಯ ದಿನ ಕಾರು ನಿಲ್ಲಿಸುವ ಚಪ್ಪರದಡಿ ಗ್ಯಾಸ್ ಒಲೆ ಇಟ್ಟು, ಜಾಮ್ ಕುದಿಸುವ ದೊಡ್ಡ ಪಾತ್ರೆಯಲ್ಲಿ ನೀರು ಕಾಸಿದಳು. ಬೆರಳು ಅದ್ದಿದರೆ ತಕ್ಷಣ ಎಳೆದುಕೊಳ್ಳುವಷ್ಟು ಬಿಸಿ, ಆದರೆ ಕುದಿ ಅಲ್ಲ. ಪರದೆಯ ಚೀಲ ಇಳಿಬಿಟ್ಟು, ಒಡೆದ ಕಾಳು ಸುರಿದು, ಗಂಜಿಯ ಹಾಗೆ ತಿರುವಿ, ಪಾತ್ರೆಗೆ ನಮ್ಮ ರಜಾಯಿ ಹೊದಿಸಿದಳು. ನನ್ನ ಕ್ಷೌರದ ಪೆಟ್ಟಿಗೆಯಿಂದ ಅಯೋಡಿನ್ ಸೀಸೆ ಮಾಯವಾಗಿತ್ತು. ಬಿಳಿ ಸಾಸರಿನ ಮೇಲೆ ಒಂದು ಚಮಚ ರಸ ಹಾಕಿ, ಅದಕ್ಕೆ ಒಂದು ಹನಿ ಅಯೋಡಿನ್ ಬಿಟ್ಟಳು. ಹನಿ ಮಸಿಯಂತೆ ಕಪ್ಪಾಯಿತು.

"ಕಪ್ಪಾದ್ರೆ ಹಿಟ್ಟು ಇನ್ನೂ ಇದೆ ಅಂತ," ಎಂದಳು.

ಚಮಚ ಹಿಡಿದುಕೊಂಡು ಅಲ್ಲೇ ಕೂತಳು. ಸ್ವಲ್ಪ ಹೊತ್ತಿಗೊಮ್ಮೆ ರಜಾಯಿ ಸರಿಸಿ, ಚಮಚ ಅದ್ದಿ, ಹನಿ ಬಿಡುವುದು. ಕಪ್ಪು ನೀಲಿಯಾಯಿತು, ನೀಲಿ ಕಂದು ಬಣ್ಣಕ್ಕೆ ತಿರುಗಿತು. ಕೊನೆಗೆ ಒಂದು ಹನಿ ಸೀಸೆಯಲ್ಲಿ ಇದ್ದ ಬಣ್ಣದಲ್ಲೇ, ಜೇನಿನ ಬಣ್ಣದಲ್ಲೇ ಉಳಿಯಿತು.

"ಕ್ಲೆಮ್! ಬಾ ಇಲ್ಲಿ! ಬಣ್ಣ ತಿರುಗಲೇ ಇಲ್ಲ ನೋಡು!"

ಚಮಚದಿಂದ ರಸ ಕುಡಿಸಿದಳು. ಬೆಲ್ಲದ ಪಾಕದಂತಿತ್ತು. ಒಂದು ಚಿಟಿಕೆ ಸಕ್ಕರೆ ಹಾಕಿರಲಿಲ್ಲ. ಬಾರ್ಲಿ ಮತ್ತು ನಲ್ಲಿ ನೀರು, ಅಷ್ಟೆ. ಅವಳ ಮುಖ ನೋಡಬೇಕಿತ್ತು. ನಮ್ಮ ಮಗಳು ಮೊದಲ ಹೆಜ್ಜೆ ಇಟ್ಟಾಗಲೂ ಅಷ್ಟು ಬೆರಗು ಕಂಡಿರಲಿಲ್ಲ.

ಚೀಲ ಎತ್ತಿ ಹಿಂಡಿ, ರಸವನ್ನು ಕಹಿ ಹಾಪ್ಸ್ ಹೂವಿನ ಜೊತೆ ಕುದಿಸಿ ಆರಿಸಿ, ಜಾಡಿಗೆ ತುಂಬಿ, ಯೀಸ್ಟ್ ಉದುರಿಸಿ ಬೀರುವಿನೊಳಗೆ ಇಟ್ಟೆವು. ಜಾಡಿಯ ಮುಚ್ಚಳದ ಕೊಳವೆ ಗುಳುಗುಳು ಎನ್ನತೊಡಗಿದಾಗ ಅವಳು ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಮದುವೆಯಾದ ಹೊಸತರಲ್ಲೂ ನನ್ನನ್ನು ಅಷ್ಟು ಹೊತ್ತು ನೋಡಿದವಳಲ್ಲ.

ಈಗ ನಮ್ಮ ಪಕ್ಕದ ಮನೆಯವನ ವಿಷಯ ಹೇಳಬೇಕು. ಅವನ ಹೆಸರು ಜಿಗ್. ಪೂರ್ತಿ ಹೆಸರು ಜಿಗ್ಮಂಟ್. ಅವನಪ್ಪ ಪೋಲೆಂಡಿನಿಂದ ಇಲ್ಲಿನ ಅಣೆಕಟ್ಟು ಕೆಲಸಕ್ಕೆ ಬಂದವನು. ನಾನು ದುಡಿದದ್ದೆಲ್ಲ ಊರಿನ ನೀರು ಶುದ್ಧಿ ಮಾಡುವ ಕಾರ್ಖಾನೆಯಲ್ಲಿ. ಹೊಳೆಯ ನೀರನ್ನು ಸೋಸಿ, ಕ್ಲೋರಿನ್ ಬೆರೆಸಿ, ಪ್ರತಿ ಮನೆಯ ನಲ್ಲಿಗೆ ಕಳಿಸುವ ಕೆಲಸ. ನಮ್ಮ ಬೀದಿಗೆ ಪೈಪು ಬಂದಾಗ ಜಿಗ್ ಊರ ಸಭೆಯಲ್ಲಿ ಎದ್ದು ನಿಂತು, "ನನಗೆ ಮೋಡದ ನೀರೇ ಸಾಕು. ಕ್ಲೆಮ್‌ನ ಬ್ಲೀಚು ಅವನೇ ಕುಡೀಲಿ," ಎಂದಿದ್ದ. ಜನ ನಕ್ಕರು. ಅವತ್ತಿನಿಂದ ಅವನು ತನ್ನ ಮಾಡಿನ ಮಳೆನೀರಿನ ಟ್ಯಾಂಕಿಗೆ ಜೋತುಬಿದ್ದ, ನಾನು ನನ್ನ ನಲ್ಲಿಗೆ. ನಮ್ಮ ನಡುವೆ ಮಾತಿರಲಿಲ್ಲ. ನರೆಲ್‌ಗೆ ಮಾತ್ರ ಇದು ತಲೆಗೇ ಹೋಗುತ್ತಿರಲಿಲ್ಲ. ಬೇಲಿಯ ಮೇಲಿಂದ ಮೊಟ್ಟೆ ಕೊಡುವುದು, ಅವನಿಂದ ಸೌತೆಕಾಯಿ ಉಪ್ಪಿನಕಾಯಿ ಇಸಿದುಕೊಳ್ಳುವುದು ನಡೆದೇ ಇತ್ತು.

ಬಿಯರ್ ಸೀಸೆಗೆ ಇಳಿದು, ನೊರೆ ಕಟ್ಟುವಷ್ಟು ಕಾಲ ಕಳೆದು, ಮೊದಲ ಸೀಸೆ ತೆರೆದೆವು. ನಾನು ಒಂದು ಗುಟುಕು ಕುಡಿದು, "ಫಸ್ಟ್ ಕ್ಲಾಸ್!" ಎಂದೆ. ನರೆಲ್ ಮೂಸಿದಳು. ಮತ್ತೆ ಮೂಸಿದಳು.

"ಇದ್ರಲ್ಲಿ ಬ್ಯಾಂಡೇಜ್ ವಾಸನೆ ಬರ್ತಿದೆ."

"ನಿನ್ನ ಭ್ರಮೆ ಕಣೇ."

ಅವಳು ಒಂದು ಸೀಸೆ ತೆಗೆದುಕೊಂಡು ಬೇಲಿಯ ಹತ್ತಿರ ಹೋದಳು. ಜಿಗ್ ಕುಡಿದು, ಬಾಯಿ ಒರೆಸಿಕೊಂಡು, ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ: "ನರೆಲ್, ಅಮ್ಮಾ, ನಿನ್ನ ಕೈಕೆಲಸ ಚೆನ್ನಾಗೇ ಇದೆ. ಆದರೆ ಇದನ್ನ ಕುಡಿದ್ರೆ ನರ್ಸಮ್ಮ ಸೂಜಿ ಹಿಡ್ಕೊಂಡು ಬಂದ ಹಾಗಾಗುತ್ತೆ. ಯಾರ ನೀರು ಹಾಕ್ದೆ? ನೀರು ಸಾಹೇಬ್ರದಾ?"

ನನಗೆ ಮೈ ಉರಿಯಿತು. "ನಿನ್ನ ಟ್ಯಾಂಕಲ್ಲಿ ಹಕ್ಕಿ ಹಿಕ್ಕೆ ತೇಲ್ತಿರುತ್ತಲ್ಲೋ!" ಎಂದು ಅಡುಗೆಮನೆ ಕಿಟಕಿಯಿಂದ ಕೂಗಿದೆ. ಅಷ್ಟು ವರ್ಷಗಳಲ್ಲಿ ಅವನಿಗೆ ನಾನು ಹೇಳಿದ ಮೊದಲ ಮಾತು ಅದು.

ನರೆಲ್ ಪಿಪ್‌ಳನ್ನು ಕೇಳಿ ಬಂದಳು. "ಕ್ಲೋರಿನ್ ಇರಬಹುದು ಅಂತಾಳೆ. ಸೀಸೆ ಸರಿಯಾಗಿ ತೊಳೀದೇನೂ ಇರಬಹುದಂತೆ. ಯೀಸ್ಟೂ ಇರಬಹುದಂತೆ. ಅವಳಿಗೇ ಖಾತ್ರಿ ಇಲ್ಲ."

"ಹಾಗಾದ್ರೆ ಸುಮ್ನೆ ನನ್ನ ನೀರಿನ ಮೇಲೆ ಯಾಕೆ ಹಾಕ್ತೀರಿ?"

"ಯಾರೂ ಹಾಕ್ತಿಲ್ಲ. ಮಾಡಿ ನೋಡೋಣ. ಕಾಳು ಒಂದೇ, ಹೂವು ಒಂದೇ, ಯೀಸ್ಟ್ ಒಂದೇ, ಜಾಡಿ ಒಂದೇ ಥರ. ನೀರು ಮಾತ್ರ ಬೇರೆ. ಒಂದಕ್ಕೆ ನಮ್ಮ ನಲ್ಲಿ ನೀರು ಹಾಗೇ. ಒಂದಕ್ಕೆ ಅದೇ ನೀರು, ಕಾಳು ಹಾಕೋ ಮೊದಲೇ ಚೆನ್ನಾಗಿ ಕುದಿಸಿ ಆರಿಸಿದ್ದು. ಕುದಿಸಿದ್ರೆ ಕ್ಲೋರಿನ್ ಹಾರಿಹೋಗುತ್ತೆ ಅಂತ ನೀನೇ ಹೇಳ್ತಿದ್ದೆಯಲ್ಲ. ಇನ್ನೊಂದಕ್ಕೆ ಜಿಗ್ ಟ್ಯಾಂಕಿನ ನೀರು." ಖಾಲಿ ಕ್ಯಾನನ್ನು ನನ್ನ ಕೈಗೆ ಹಿಡಿಸಿದಳು. "ಹೋಗು, ತಗೊಂಡು ಬಾ. ನನ್ನ ಬೆನ್ನು ನೋಯ್ತಿದೆ."

ಅವಳ ಬೆನ್ನಿಗೆ ಏನೂ ಆಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೋದೆ. ಜಿಗ್ ಗೇಟು ತೆರೆದ. ಟ್ಯಾಂಕಿನ ನಲ್ಲಿ ತಿರುಗಿಸಿ ಕ್ಯಾನು ತುಂಬಿಸುವಾಗ ಇಬ್ಬರೂ ನೀರು ಬೀಳುವುದನ್ನೇ ನೋಡುತ್ತ ನಿಂತೆವು. ತುಂಬಿದ ಮೇಲೆ ಅವನು, "ಭಾರ ಇದೆ, ಆ ಕಡೆ ನೀನು ಹಿಡಿ, ಈ ಕಡೆ ನಾನು ಹಿಡೀತೀನಿ," ಎಂದ. ಎಪ್ಪತ್ತು ದಾಟಿದ ಇಬ್ಬರು ಗಂಡಸರು ಒಂದು ಕ್ಯಾನಿಗೆ ಎರಡು ಕಡೆ ಹಿಡಿದು ಬೀದಿಯಲ್ಲಿ ನಡೆದೆವು. ಬೋಳು ಕಿಟಕಿಯಲ್ಲಿ ನರೆಲ್ ನಿಂತು ನೋಡುತ್ತಿದ್ದಳು.

ಮೂರು ಜಾಡಿಗಳೂ ಹದಕ್ಕೆ ಬಂದು, ಸೀಸೆಗಿಳಿದು, ತೆರೆಯುವ ದಿನ ಬಂತು. ಭಾನುವಾರ ಮಧ್ಯಾಹ್ನ ಚಪ್ಪರದಡಿ ಮೇಜು ಹಾಕಿದೆವು. ನರೆಲ್ ಪಿಪ್‌ಳನ್ನು ಕರೆಸಿದ್ದಳು.

"ಒಳಗೆ ಹೋಗಿ ನೀನೇ ಸುರಿ," ಎಂದು ಅವಳಿಗೆ ಹೇಳಿದಳು. "ಗ್ಲಾಸಿನ ಕಾಲಿಗೆ ಕೆಂಪು, ನೀಲಿ, ಬಿಳಿ ದಾರ ಕಟ್ಟು. ಯಾವುದು ಯಾವುದು ಅಂತ ನನಗೂ ಹೇಳ್ಬೇಡ. ಗೊತ್ತಿದ್ರೆ ನಾಲಿಗೆ ಸುಳ್ಳು ಹೇಳುತ್ತೆ."

ಕೆಂಪು ದಾರದ ಗ್ಲಾಸನ್ನು ಜಿಗ್ ಮೂಸಿ ದೂರ ತಳ್ಳಿದ. "ಆಸ್ಪತ್ರೆ!" ನರೆಲ್ ಮೂಸಿ ತಲೆಯಾಡಿಸಿದಳು. ನಾನು ಕುಡಿದೆ, ನನಗೇನೂ ಅನ್ನಿಸಲಿಲ್ಲ. ಬಿಳಿಯದು ಕುಡಿದೆ, ನೀಲಿಯದು ಕುಡಿದೆ. ಆಮೇಲೆ ತಿರುಗಿ ಕೆಂಪನ್ನು ಮೂಗಿಗೆ ಹಿಡಿದಾಗ, ಅದು ಇತ್ತು. ತೆಳುವಾಗಿ, ಆದರೆ ಇತ್ತು.

ಬೆಳಗಿನ ಪಾಳಿಯಲ್ಲಿ ಕಾರ್ಖಾನೆಯ ಬಾಗಿಲು ತೆರೆದಾಗ ಮೊದಲು ಎದುರಾಗುತ್ತಿದ್ದ ಕ್ಲೋರಿನ್ ವಾಸನೆಯ ದೂರದ ನೆಂಟ. ನಾನು ಕೋಟು ತೂಗುಹಾಕಿ, ಕೆಟಲ್ ಇಟ್ಟು, ಮಾಪಕ ನೋಡುವ ಹೊತ್ತಿಗೆ ಅದು ಮಾಯವಾಗಿರುತ್ತಿತ್ತು. ಮಾಯವಾಗುತ್ತಿರಲಿಲ್ಲ, ನನ್ನ ಮೂಗು ಅದನ್ನು ಬಿಟ್ಟುಬಿಡುತ್ತಿತ್ತು, ಅಷ್ಟೆ. ಊರಿನ ಒಂದು ಮಗುವಿಗೂ ನೀರಿನಿಂದ ಹೊಟ್ಟೆ ಕೆಡದಂತೆ ಕಾದ ವಾಸನೆ ಅದು. ಅದನ್ನು ಕೆಟ್ಟದ್ದು ಎನ್ನಲು ನನಗೆ ಮನಸ್ಸು ಬರಲಿಲ್ಲ. ಆದರೆ ಬಿಯರಿನಲ್ಲಿ ಅದಕ್ಕೆ ಕೆಲಸವಿಲ್ಲ ಎಂಬುದೂ ನಿಜ.

"ಬರ್ತಿದೆ," ಎಂದೆ. "ನರೆಲ್ ಹೇಳಿದ್ದು ಸರಿ. ಇದು ನಲ್ಲಿ ನೀರೇ."

ಜಿಗ್ ನನ್ನ ಮುಖ ನೋಡಿದ. ಏನೋ ಚುಚ್ಚಲು ಬಾಯಿ ತೆರೆದವನು ಮುಚ್ಚಿದ. ಬದಲಿಗೆ ಬಿಳಿ ದಾರದ ಗ್ಲಾಸೆತ್ತಿ, ಬೆಳಕಿಗೆ ಹಿಡಿದು, ಕಣ್ಣು ಮುಚ್ಚಿ ಕುಡಿದ.

"ಆಹಾ. ಇದು ನನ್ನ ಟ್ಯಾಂಕು! ಮೋಡದಿಂದ ನೇರ ಗಂಟಲಿಗೆ. ಆ ನೀಲಿಯದು ನೋಡು, ಎಷ್ಟಾದ್ರೂ ಪೈಪಿನ ಗುಣ ಬಿಡಲ್ಲ."

"ನಿನ್ನ ನಾಲಿಗೆ ಸತ್ತಿದೆ," ಎಂದೆ. ನನಗೆ ನೀಲಿಯದೇ ಹಿಡಿಸಿತ್ತು. "ಇದು ಕುದಿಸಿದ ನಲ್ಲಿ ನೀರು. ತುಂಬಿಕೊಂಡ ರುಚಿ, ಎಂಥಾ ಘನತೆ! ಮೋಡದಲ್ಲಿ ಏನಿರುತ್ತೆ ಮಣ್ಣು?"

ಇಬ್ಬರೂ ಪಿಪ್ ಕಡೆ ತಿರುಗಿದೆವು. ಅವಳು ತುಟಿ ಕಚ್ಚಿಕೊಂಡು ನಿಂತಿದ್ದಳು.

"ಕೆಂಪು ನಲ್ಲಿ ನೀರು, ಸರಿ. ಬಿಳಿ..." ಎಂದು ಕೆಮ್ಮಿದಳು. "ಬಿಳಿ ಕುದಿಸಿದ ನಲ್ಲಿ ನೀರು. ನೀಲಿ ಜಿಗ್ ಟ್ಯಾಂಕು."

ನರೆಲ್ ನಗತೊಡಗಿದಳು. ಮೇಜು ಹಿಡಿದುಕೊಂಡಳು, ಸಾಲದೆ ಬಕೆಟ್ ಬೋರಲು ಹಾಕಿ ಕೂತಳು, ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು.

"ಇವಳು ದಾರ ತಪ್ಪಿ ಕಟ್ಟಿದಾಳೆ," ಎಂದ ಜಿಗ್.

"ಹೌದು, ತಪ್ಪೇ ಕಟ್ಟಿದಾಳೆ," ಎಂದೆ ನಾನು. ನಾವಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದು ಅದೇ ಮೊದಲು.

ಮತ್ತೊಮ್ಮೆ ಸುರಿಸಿದೆವು. ಈ ಸಲ ಅವನು ಮಳೆನೀರನ್ನು ಮೆಚ್ಚಿದ, ನಾನು ಕುದಿಸಿದ್ದನ್ನು. ಇಬ್ಬರೂ ಗೆದ್ದೆವೆಂದು ಮೇಜು ಗುದ್ದಿದೆವು. ಮೂರನೆಯ ಸುತ್ತಿನಲ್ಲಿ ಮತ್ತೆ ಅದಲುಬದಲಾಯಿತು. ಆಮೇಲೆ ಪಿಪ್ ಸುರಿಯುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ಇಷ್ಟು ಗೊತ್ತಾಯ್ತು," ಎಂದಳು ನರೆಲ್, ನಗು ಇಳಿದ ಮೇಲೆ. "ಕ್ಲೋರಿನ್ ಒಂದು ಹೋದ್ರೆ ಸಾಕು. ಉಳಿದಿದ್ದೆಲ್ಲ ನಿಮ್ಮಿಬ್ಬರ ಹಟ." ಎರಡೂ ಗ್ಲಾಸಿನಿಂದ ಒಂದೊಂದು ಹನಿ ನಾಲಿಗೆಗೆ ಇಟ್ಟುಕೊಂಡು ಮುಖ ಕಿವುಚಿದಳು. "ಥೂ, ಎರಡೂ ಕಹಿ. ಇದನ್ನ ಅದ್ಹೇಗೆ ಕುಡೀತೀರೋ."

ಆಮೇಲಿನ ಬಿಯರುಗಳಿಗೆ ಒಂದು ಸಲ ಅವನ ನೀರು, ಒಂದು ಸಲ ನಮ್ಮದನ್ನು ಕುದಿಸಿದ್ದು. ಅಷ್ಟಕ್ಕೇ ಸುಮ್ಮನಾದಳೆಂದು ತಿಳಿಯಬೇಡಿ. ಪಿಪ್ ಕೊಡುವ ಕಾಳು ಮೊಳಕೆ ಬಂದು ಒಣಗಿರುತ್ತದಲ್ಲ, ಆ ಮೊಳಕೆ ಹೇಗೆ ಬರಿಸುತ್ತಾರೆ, ಯಾವ ಹಂತದಲ್ಲಿ ನಿಲ್ಲಿಸುತ್ತಾರೆ ಎಂದು ಶುರುವಾಯಿತು. ಒಬ್ಬ ರೈತನಿಂದ ಹಸಿ ಬಾರ್ಲಿ ತರಿಸಿದಳು. ಹರಡಲು ತಂಪಾದ ನೆಲ ಬೇಕು. ನಮ್ಮ ಮನೆಯದು ಹಲಗೆ ನೆಲ. ಜಿಗ್ ಮನೆಯ ಬಟ್ಟೆ ಒಗೆಯುವ ಕೋಣೆಗೆ ಕಲ್ಲಿನ ನೆಲವಿದೆ.

ಈಗ ದಿನಾ ಬೆಳಿಗ್ಗೆ ನಾನು ಅಲ್ಲಿಗೆ ಹೋಗುತ್ತೇನೆ. ಒದ್ದೆ ಕಾಳನ್ನು ಮರದ ಸಲಿಕೆಯಿಂದ ಮಗುಚಬೇಕು, ಇಲ್ಲದಿದ್ದರೆ ಬೇರು ಹೆಣೆದುಕೊಂಡು ಗಂಟಾಗುತ್ತದೆ. ಜಿಗ್ ಬಾಗಿಲಲ್ಲಿ ಕಾಫಿ ಹಿಡಿದು ನಿಂತು ತಪ್ಪು ಹುಡುಕುತ್ತಾನೆ. ನಿನ್ನೆ ನರೆಲ್ ಮಂಡಿಯೂರಿ ಒಂದು ಕಾಳನ್ನು ಉಗುರಿನಿಂದ ಸೀಳಿದಳು.

"ಬೇರು ಹೊರಗೆ ಬಂದಿದೆ. ಆದರೆ ಎಲೆಯ ಮೊಳಕೆ ಸಿಪ್ಪೆಯ ಒಳಗೇ ಕಾಳಿನ ಬೆನ್ನು ಹಿಡ್ಕೊಂಡು ಹೋಗ್ತಿದೆ ನೋಡಿ. ಕದ್ದು ಹೋಗೋ ಥರ. ಯಾಕೆ ಹಾಗೆ?"

"ಚಳಿ ಇರಬೇಕು," ಎಂದ ಜಿಗ್.

"ಚಳಿಯಂತೆ! ಬೇರಿಗೆ ಇಲ್ಲದ ಚಳಿ ಎಲೆಗಾ?" ಎಂದು ನಾನೂ ಒಂದು ಕಾಳು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದೆ.

"ಆ ಕಡೆ ಸರಿಯಪ್ಪ," ಎಂದು ಜಿಗ್ ಕಾಫಿ ಕೆಳಗಿಟ್ಟು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. "ನನಗೂ ಕಾಣ್ಬೇಕು."