ಸೂಜಿ ಇಳಿಯುವ ಹೊತ್ತಿನ ಪ್ರಶ್ನೆ

ದಿನಾ ನಾಲ್ಕು ಗಂಟೆಗೆ ಮನೆಗೆ ಬಂದು ಇಂಜೆಕ್ಷನ್ ಕೊಟ್ಟುಹೋಗುತ್ತಿದ್ದ ನರ್ಸು ಅಂದು ಮೂರೂವರೆಗೆ ಫೋನು ಮಾಡಿ, ತನಗೇ ಜ್ವರ ಎಂದಳು. ಗಡಿಯಾರ ರಿಪೇರಿಯವನು ಫೋನಿಟ್ಟು ಮಂಚದ ಕಡೆ ನೋಡಿದ. ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ಊರಿಗೆಲ್ಲ ಸೂಜಿ ಚುಚ್ಚಿ ನಿವೃತ್ತಳಾದ ಅವನ ಹೆಂಡತಿ ಬಚ್ಚಲಲ್ಲಿ ಜಾರಿ, ಸೊಂಟದ ಕೀಲು ಮುರಿದುಕೊಂಡು, ಬಲ ಮುಂಗೈಗೂ ಪ್ಲಾಸ್ಟರ್ ಹಾಕಿಸಿಕೊಂಡು ದಿಂಬಿಗೊರಗಿದ್ದಳು. ಆಪರೇಷನ್ ಆದಮೇಲೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ದಿನಕ್ಕೊಂದರಂತೆ ಇಪ್ಪತ್ತೆಂಟು ಇಂಜೆಕ್ಷನ್, ಅದೂ ಹೊಟ್ಟೆಗೆ. ಹತ್ತು ಮುಗಿದಿದ್ದವು. ಒಂದನ್ನೂ ತಪ್ಪಿಸಬಾರದು, ಹೆಪ್ಪು ಎದೆಗೆ ಏರಿದರೆ ಕಷ್ಟ ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು.

"ಇನ್ಯಾರಿದ್ದಾರೆ? ನೀವೇ ಚುಚ್ಚಿ," ಎಂದಳು.

"ನಾನಾ? ನೀರಿಗೆ ಹಾಕಿ ಕುಡಿದ್ರೆ ಆಗಲ್ವಾ?"

"ಕುಡಿದ್ರೆ ಹೊಟ್ಟೆ ಅದನ್ನ ಅರಗಿಸಿಕೊಂಡು ಸುಮ್ಮನಾಗತ್ತೆ, ರಕ್ತಕ್ಕೆ ಏನೂ ಸೇರಲ್ಲ. ನಲವತ್ತು ವರ್ಷ ನರ್ಸಿನ ಜೊತೆ ಸಂಸಾರ ಮಾಡಿದೋರು ಕೇಳೋ ಮಾತಾ ಇದು? ಮೆಲ್ಲಗೆ ಕೇಳಿ, ಪಕ್ಕದ ಮನೆಯವರ ಕಿವಿಗೆ ಬಿದ್ದೀತು."

ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಎತ್ತಿ ಕೂರಿಸಿದ ಕೈ ಅವನದು. ಎರಡು ವರ್ಷದಿಂದ ಮಾತ್ರ, ಕಾಫಿ ಕಪ್ಪು ಹಿಡಿದರೆ ನಡುಕದ ಸುದ್ದಿ ಸಾಸರಿಗೂ ಮುಟ್ಟುತ್ತಿತ್ತು. ಅಂಗಡಿ ಮುಚ್ಚಿದ್ದೂ ಅದಕ್ಕೇ. ಅವನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಸೋಪು ಹಚ್ಚಿ ಕೈ ತೊಳೆದ. ತೊಳೆಯುತ್ತ ನಲವತ್ತು ವರ್ಷದ ಹಿಂದಿನ ಆಸ್ಪತ್ರೆಯ ಕೋಣೆಯೊಂದು ನೆನಪಾಯಿತು.

ಅಂಗಡಿಯ ಮೆಟ್ಟಿಲ ಮೇಲೆ ತಾನೇ ಬ್ರೆಡ್ಡು ಹಾಕಿ ಸಾಕಿದ್ದ ಬೀದಿನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿ ನಾಪತ್ತೆಯಾಗಿತ್ತು. "ನಾಯಿ ಸಿಕ್ಕಿ ಹತ್ತು ದಿನ ಚೆನ್ನಾಗಿದ್ರೆ ಸೂಜಿ ನಿಲ್ಲಿಸಬಹುದಿತ್ತು. ಓಡಿಹೋಗಿದೆಯಲ್ಲ, ಹದಿನಾಲ್ಕೂ ಹಾಕಿಸ್ಕೊಳ್ಳಿ," ಎಂದಿದ್ದಳು ಹೊಸದಾಗಿ ಬಂದ ನರ್ಸು. ಸ್ಟೌವಿನ ಮೇಲೆ ಸ್ಟೀಲು ಡಬ್ಬಿ, ಕುದಿಯುವ ನೀರಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವ ಗಾಜಿನ ಸಿರಿಂಜುಗಳು, ಸ್ಪಿರಿಟ್ಟಿನ ವಾಸನೆ. ಅವನು ಅಂಗಿ ಮೇಲೆತ್ತಿ ಮಲಗಿದರೆ, ಸೂಜಿ ಹೊಕ್ಕುಳ ಪಕ್ಕ ಇಳಿಯುವ ಹೊತ್ತಿಗೆ ಸರಿಯಾಗಿ ಅವಳದೊಂದು ಪ್ರಶ್ನೆ. "ನಿಮ್ಮನೆ ಮೆಟ್ಟಿಲು ಎಷ್ಟು?" "ಹಿಂದಿನ ಬಾಗಿಲ ಚಿಲಕ ಎಡಕ್ಕೋ ಬಲಕ್ಕೋ?" ಅವನು ಮನಸ್ಸಿನಲ್ಲೇ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಐದನೆಯ ದಿನ ಪ್ರಶ್ನೆಯೂ ಸಾಲದಷ್ಟು ನೋವಾಯಿತು. ಸೂಜಿ ಈಸಿಕೊಂಡು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದ. "ಮೂತಿ ಗಾಳದ ಹಾಗೆ ಬಾಗಿದೆ, ಸಿಸ್ಟರ್. ಇದು ಚುಚ್ಚಲ್ಲ, ಕೀಳತ್ತೆ." ಆಸ್ಪತ್ರೆಯ ಸೂಜಿಗಳನ್ನೆಲ್ಲ ಅಂಗಡಿಗೆ ಒಯ್ದು ಎಣ್ಣೆಗಲ್ಲಿನ ಮೇಲೆ ಮಸೆದು ತಂದ. ಮರುದಿನದಿಂದ ಊರಿನ ಸಮಸ್ತ ಪೃಷ್ಠಗಳಿಗೂ ಉಪಕಾರವಾಯಿತು. ಒಬ್ಬರೂ ಅವನಿಗೆ ಕೃತಜ್ಞತೆ ಹೇಳಲಿಲ್ಲ. ವರ್ಷ ತುಂಬುವುದರೊಳಗೆ ಅವರಿಬ್ಬರ ಮದುವೆಯೂ ಆಯಿತು. ಮದುವೆಯಾಗಿ ಮೂರು ತಿಂಗಳವರೆಗೆ ಬಾಯಿ ತಪ್ಪಿ ಹೆಂಡತಿಯನ್ನು "ಸಿಸ್ಟರ್" ಎನ್ನುತ್ತಿದ್ದುದರಿಂದ ನೆಂಟರಿಗೆ ಆದ ಸಂಕಟ ಬೇರೆ ಮಾತು.

ಕೈ ಒರೆಸಿಕೊಂಡು ಮಂಚದ ಬಳಿ ಬಂದವನು ಅಭ್ಯಾಸಬಲದಿಂದ ಭೂತಗನ್ನಡಿಯನ್ನೇ ಕಣ್ಣಿಗೆ ಸಿಕ್ಕಿಸಿಕೊಂಡ.

"ತೆಗೀರಿ ಅದನ್ನ. ನನ್ನ ಹೊಟ್ಟೆ ಏನು ಗಡಿಯಾರವಾ?"

ತೆಗೆದ. ಔಷಧಿ ತುಂಬಿಯೇ ಬಂದಿದ್ದ ಸಿರಿಂಜಿನ ಮುಚ್ಚಳ ಬಿಚ್ಚಿ, ಅವಳು ಹಿಂದೆ ಮಾಡುತ್ತಿದ್ದ ಗತ್ತಿನಲ್ಲೇ ಮೇಲೆತ್ತಿ ಗಾಳಿ ಹೊರಡಿಸಲು ಹೋದ.

"ಆ ಗುಳ್ಳೆ ಇರ್ಲಿ ರೀ! ಇದರಲ್ಲಿ ಅದು ಇರಬೇಕು. ಇವತ್ತು ಎಡಗಡೆ. ಹೊಕ್ಕುಳಿಂದ ಮೂರು ಬೆರಳು ದೂರ. ಚರ್ಮ ಮಡಿಸಿ ಹಿಡೀರಿ, ನೆಟ್ಟಗೆ ಇಳಿಸಿ."

ಮಡಿಸಿ ಹಿಡಿದ. ಸೂಜಿಯ ತುದಿ ಗಾಳಿಯಲ್ಲಿ ಸಹಿ ಹಾಕುತ್ತಿತ್ತು. ಒಮ್ಮೆ ಹತ್ತಿರ ಒಯ್ದು ಹಿಂದಕ್ಕೆ ತೆಗೆದ. ಇನ್ನೊಮ್ಮೆ ಒಯ್ದ, ಮತ್ತೆ ತೆಗೆದ.

"ಆಗಲ್ಲ ಕಣೇ. ಎಲ್ಲಾದ್ರೂ ಹೆಚ್ಚು ಕಮ್ಮಿ ಆದ್ರೆ?"

"ನನ್ನನ್ನ ಏನಾದ್ರೂ ಒಂದು ಪ್ರಶ್ನೆ ಕೇಳಿ."

"ನಿನಗೆ ನೋವು ಗೊತ್ತಾಗದೆ ಇರ್ಲಿ ಅಂತಾನಾ?"

"ನನಗಲ್ಲ, ನಿಮಗೆ. ಗಮನ ಮಾತಿನ ಮೇಲಿದ್ರೆ ಕೈ ತನ್ನ ಪಾಡಿಗೆ ಕೆಲಸ ಮಾಡತ್ತೆ. ಅವತ್ತು ನಾನು ಕೇಳ್ತಿದ್ದಿದ್ದೂ ಅದಕ್ಕೇ. ಹೊಟ್ಟೆಗೆ ಅಂತ ಚುಚ್ಚಿದ್ದು ನಿಮಗೇ ಮೊದಲು. ನನ್ನ ಜೀವ ಬಾಯಿಗೆ ಬಂದಿತ್ತು."

ನಲವತ್ತು ವರ್ಷ ಅವನು ಆ ಪ್ರಶ್ನೆಗಳನ್ನು ತನ್ನ ಮೇಲಿನ ಕರುಣೆ ಎಂದೇ ತಿಳಿದಿದ್ದ. ಕೊಂಚ ಪೆಚ್ಚಾಯಿತು. ಸರಿ, ಕೇಳುವುದೇನು? ಈ ಮನೆಯ ಮೆಟ್ಟಿಲು, ಚಿಲಕ, ಅವನ ಹಲ್ಲಿನ ಲೆಕ್ಕ ಕೂಡ ಅವಳಿಗೆ ಬಾಯಿಪಾಠ. ಅವಳಿಗೆ ಗೊತ್ತಿಲ್ಲದ್ದು ಅವನ ಹತ್ತಿರ ಇದ್ದದ್ದು ಒಂದೇ.

"ಆ ನಾಯಿ ಹನ್ನೊಂದನೇ ದಿನ ಬೆಳಿಗ್ಗೆ ವಾಪಸು ಬಂದು ಬಾಲ ಅಲ್ಲಾಡಿಸ್ತಾ ನಿಂತಿತ್ತು ಅಂತ ನಾನು ಅವತ್ತೇ ಹೇಳಿದ್ದಿದ್ರೆ, ನೀನು ಏನು ಮಾಡ್ತಿದ್ದೆ?"

"ಯಾವ ನಾಯಿ?"

ಸೂಜಿ ಒಳಗಿತ್ತು. ಅವನು ಮೆಲ್ಲಗೆ ಒತ್ತಿದ.

"ಕಚ್ಚಿದ್ದೇ. ಮದುವೆ ಆದ್ಮೇಲೆ ಆರು ವರ್ಷ ನೀನೇ ಬ್ರೆಡ್ಡು ಹಾಕಿದ್ಯಲ್ಲ, ಬಿಳಿ ಕಾಲಿಂದು?"

"ಅದು ಬೇರೆ ನಾಯಿ ಅಂದಿದ್ರಿ!"

"ಅಂದಿದ್ದೆ."

ಅವಳು ಲೆಕ್ಕ ಹಾಕಿದಳು. ಹಾಕುವುದು ಮುಖದಲ್ಲೇ ಕಾಣುತ್ತಿತ್ತು. "ಹನ್ನೊಂದು, ಹನ್ನೆರಡು... ನಾಲ್ಕು ಡೋಸು! ಆ ಔಷಧಿ ಬರೋದನ್ನ ನಾವು ಹೇಗೆ ಕಾಯ್ತಿದ್ವಿ ಗೊತ್ತಾ? ನಾಲ್ಕು ಡೋಸು ನೀರಿಗೆ ಹಾಕಿದ್ರಲ್ರೀ! ನಾಯಿ ಬಂತು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀನು, ನಾಳೆಯಿಂದ ಬರಬೇಡಿ ಅಂತಿದ್ದೆ."

ಅವನು ಸೂಜಿ ಹೊರಗೆಳೆದು ಹತ್ತಿಯಿಟ್ಟ.

"ಉಜ್ಜಬೇಡಿ. ಸುಮ್ನೆ ಒತ್ತಿ ಹಿಡೀರಿ," ಎಂದಳು. "ನೋವೂ ಮಾಡಿದ್ರಿ. ಕೈ ಒಳ್ಳೇದಲ್ಲ."

ಅವನು ಖಾಲಿ ಸಿರಿಂಜನ್ನು ಡಬ್ಬಿಗೆ ಹಾಕಿ, ಕ್ಯಾಲೆಂಡರಿನಲ್ಲಿ ಅಂದಿನ ಚೌಕದೊಳಗೆ 'ಎಡ' ಎಂದು ಬರೆದ. ಅಕ್ಷರ ಸೊಟ್ಟಗಾಯಿತು.

"ನರ್ಸಿಗೆ ನಾಳೆ ಫೋನು ಮಾಡಿ ಕೇಳ್ಲಾ, ಜ್ವರ ಬಿಡ್ತಾ ಅಂತ?"

"ಬೇಡ. ಪಾಪ, ಮಲಗಿರ್ಲಿ," ಎಂದಳು ಅವಳು, ಗೋಡೆಯ ಕಡೆ ಮುಖ ಮಾಡಿ. "ಇನ್ನೂ ಹದಿನೇಳು ಸೂಜಿ ಇದೆ. ಇನ್ನೇನೇನು ಮುಚ್ಚಿಟ್ಟಿದ್ದೀರೋ, ಅದೂ ಒಂದಿಷ್ಟು ಆಚೆ ಬರ್ಲಿ."