ನಾನು ಅಂಟಿಸಿದ ನಗು

ಕಲಾವಿದರ ಸಂಘದ ಕೋಣೆಯಲ್ಲಿ ಟ್ರೇಲರನ್ನು ಮೂರನೆಯ ಸಲ ಹಾಕಿದರು. ನಾಯಕ ಮುತ್ತಿಡುತ್ತಾನೆ, ನಾಯಕಿ ನಗುತ್ತಾಳೆ. ಅಧ್ಯಕ್ಷರು ಅಲ್ಲಿಗೇ ನಿಲ್ಲಿಸಿ, ಎದುರು ಕೂತಿದ್ದ ನಾಯಕಿಯತ್ತ ತಿರುಗಿದರು.

“ಒಪ್ಪಿಗೆ ಇಲ್ದೆ ಮುತ್ತಿಟ್ರು ಅಂತ ದೂರು ಕೊಟ್ಟಿದ್ದೀಯ. ಇಲ್ಲಿ ನೋಡಿದ್ರೆ ಹಲ್ಲು ಕಿರೀತಿದ್ದೀಯಲ್ಲಮ್ಮ?”

“ನಾನು ನಗಲಿಲ್ಲ ಸಾರ್.”

ಯಾರೋ ಕಿಸಕ್ಕೆಂದರು. ಹುಡುಗಿಗೆ ಇದು ಮೊದಲ ಸಿನಿಮಾ. ದೂರು ಸುಳ್ಳೆಂದು ಸಂಘ ಇವತ್ತು ಬರೆದುಬಿಟ್ಟರೆ ಇನ್ನೆಲ್ಲೂ ಕೆಲಸ ಸಿಗುವುದಿಲ್ಲ. ಪ್ರಚಾರಕ್ಕಾಗಿ ನಾಟಕ ಆಡುವವಳು ಎಂಬ ಹೆಸರಂತೂ ಆಗಲೇ ಊರೆಲ್ಲ ಸುತ್ತಿತ್ತು.

ಅವಳು ನಿಜಕ್ಕೂ ನಕ್ಕಿರಲಿಲ್ಲ. ಆ ನಗು ಬೇರೆ ದಿನದ್ದು. ಕ್ಯಾಮೆರಾ ಓಡುತ್ತಿದ್ದಾಗ ಮೇಕಪ್ ಅಕ್ಕ ಕುರ್ಚಿ ಇದೆಯೆಂದು ಕೂರಲು ಹೋಗಿ ದೊಪ್ಪೆಂದು ಬಿದ್ದಿದ್ದಳು, ಹುಡುಗಿ ಮನಸಾರೆ ನಕ್ಕಿದ್ದಳು. ಎರಡೂ ದಿನ ಅದೇ ನೀಲಿ ಅಂಗಿ. ಆ ನಗುವನ್ನು ಕತ್ತರಿಸಿ ಮುತ್ತಿನ ಬೆನ್ನಿಗೆ ಅಂಟಿಸಿದವಳು ನಾನು, ಚಿತ್ರದ ಎಡಿಟರ್. ನನಗೆ ಹೆಮ್ಮೆಯೂ ಆಗಿತ್ತು, ಸುಳ್ಳೇಕೆ ಹೇಳಲಿ. ನಮ್ಮ ಕಸುಬಿನಲ್ಲಿ ಅದಕ್ಕೆ ಕೈಚಳಕ ಅನ್ನುತ್ತಾರೆ.

ಬೆಳಿಗ್ಗೆ ಮೆಟ್ಟಿಲ ಬಳಿ ನಿರ್ದೇಶಕರು ನನ್ನನ್ನು ತಡೆದಿದ್ದರು. “ಶೂಟ್ ಮಾಡಿದ್ದನ್ನೇ ಜೋಡಿಸಿದ್ದೀನಿ ಅಂತ ಹೇಳು, ಸಾಕು. ಸುಳ್ಳೇನಲ್ವಲ್ಲ? ಮುಂದಿನ ಸಿನಿಮಾನೂ ನಿಂದೇ.” ಸುಳ್ಳೇನಲ್ಲ. ಮೈ ಉರಿದದ್ದು ಅದಕ್ಕೇ.

“ಎಡಿಟರ್ ಮೇಡಂ, ನೀವು ಹೇಳಿ,” ಅಧ್ಯಕ್ಷರು ಕರೆದರು.

ಬ್ಯಾಗಿನಿಂದ ಹಾರ್ಡ್ ಡಿಸ್ಕ್ ತೆಗೆದು ಟೀವಿಗೆ ಸಿಕ್ಕಿಸಿದೆ. “ನಾನು ಹೇಳೋದು ಬೇಡ ಸಾರ್. ಕತ್ತರಿ ಹಾಕೋಕೆ ಮುಂಚಿನದ್ದನ್ನ ನೀವೇ ನೋಡಿ.”

“ಏಯ್, ಅದು ನಿರ್ಮಾಪಕರ ಆಸ್ತಿ! ತೆಗಿ ಅದನ್ನ!” ನಿರ್ದೇಶಕರು ಎದ್ದು ನಿಂತರು. ನಾನು ತೆಗೆಯಲಿಲ್ಲ.

ಮುತ್ತಿನ ಶಾಟ್. ಕ್ಲಾಪ್ ಬೋರ್ಡಿನ ಮೇಲೆ ದೃಶ್ಯ ನಲವತ್ತೆರಡು. ನಾಯಕ ಬಗ್ಗುತ್ತಾನೆ. ಹುಡುಗಿ ಎರಡೂ ಕೈಯಿಂದ ಅವನ ಎದೆ ತಳ್ಳುತ್ತಾಳೆ. “ಬೇಡ, ಇದು ಹೇಳಿರ್ಲಿಲ್ಲ, ಬಿಡಿ!” ಅವನು ಬಿಡುವುದಿಲ್ಲ. ಕ್ಯಾಮೆರಾದ ಹಿಂದಿನಿಂದ ನಿರ್ದೇಶಕರ ದನಿ: “ಕಟ್ ಮಾಡ್ಬೇಡಿ, ಸಹಜವಾಗಿ ಬರ್ತಿದೆ.” ಆಮೇಲೆ ನಗುವಿನ ಶಾಟ್. ಬೋರ್ಡಿನಲ್ಲಿ ಹದಿನೇಳು, ತಾರೀಖು ಮುತ್ತಿನ ಶಾಟ್‌ಗಿಂತ ಒಂಬತ್ತು ದಿನ ಹಿಂದಿನದು.

ಕಿಸಕ್ಕೆಂದವರು ಈಗ ನೆಲ ನೋಡುತ್ತಿದ್ದರು. ಅಧ್ಯಕ್ಷರು ಬರೆದಿಟ್ಟಿದ್ದ ಹಾಳೆಯನ್ನು ಹರಿದು ಹೊಸದನ್ನು ತೆಗೆದುಕೊಂಡರು. ನಿರ್ದೇಶಕರು ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಟುಹೋದರು. ಅವರ ಹಿಂದೆಯೇ ನನ್ನ ಕೆಲಸವೂ ಹೋಯಿತು, ಹೋಗಲಿ.

ಹುಡುಗಿ ನನ್ನ ಬಳಿ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡೆ, ನಾಚಿಕೆಗೆಟ್ಟವಳು ನಾನು.

“ಅಕ್ಕಾ, ನಾನು ಬೇಡ ಅಂದಿದ್ದು ಜೋಡಿಸುವಾಗಲೇ ನಿಮಗೆ ಕೇಳಿಸಿತ್ತಾ?”

“ಕೇಳಿಸಿತ್ತು,” ಎಂದೆ. “ಅದಕ್ಕೇ ಅಲ್ಲಿ ಸಂಗೀತ ಹಾಕಿದೆ.”